ಹಡಗಿನವರಿಗೆ ಅರಮನೆ ತೋರಿಸಿದ್ದು

೧. ನಿಂಬೆಹಣ್ಣು

ರಾತ್ರಿ ಮದ್ರಾಸು ಬಿಟ್ಟ ರೈಲು ಬೆಳಿಗ್ಗೆ ಬೌರಿಂಗ್‌ಪೇಟೆಯಲ್ಲಿ ನಿಂತಿತು. ಒಂದು ಬಸ್ಸು ತುಂಬುವಷ್ಟು ಬಿಳಿಯರು ಇಳಿದರು. ಗಂಡಸರು, ಹೆಂಗಸರು, ಎಲ್ಲರ ತಲೆಯ ಮೇಲೂ ಟೋಪಿ. ಅವರ ಹಡಗು ಮದ್ರಾಸಿನ ಬಂದರಿನಲ್ಲಿ ನಿಂತಿತ್ತು. ಮಾರನೆಯ ದಿನ ಹೊರಡುವುದು. ಅಷ್ಟರೊಳಗೆ ಹಳೆಯ ಕಾಲದ ರಾಜಧಾನಿಯೊಂದನ್ನು ನೋಡಿಕೊಂಡು ಬರಲಿ ಎಂದು ಮದ್ರಾಸಿನ ಒಂದು ಕಂಪನಿ ಅವರನ್ನು ಕೋಲಾರಕ್ಕೆ ಕಳಿಸಿತ್ತು.

ಯುದ್ಧಕ್ಕೆ ಮುಂಚಿನ ಮಾತು. ನಾನು ಡ್ರೈವರು. ಬಸ್ಸು ಕೋಲಾರದ ಸಾಹುಕಾರರದು. ದಿನಾ ಮುಳಬಾಗಿಲು, ಶ್ರೀನಿವಾಸಪುರ ಅಂತ ಓಡುವ ಬಸ್ಸು. ಹಡಗಿನವರು ಬರುವ ದಿನ ಅದರೊಳಗಿನ ಕೋಳಿಪುಕ್ಕ ಗುಡಿಸಿ, ಸೀಟಿನ ಮೇಲೆ ಜಮಖಾನ ಹಾಸಿ ತರುತ್ತಿದ್ದೆ.

ಹೊರಡುವ ಮುಂಚೆ ಸಾಹುಕಾರರು ಹೇಳಿದ್ದು ಇಷ್ಟು.

"ನೋಡಯ್ಯಾ, ಸಂಜೆ ರೈಲಿಗೆ ಎಲ್ಲರನ್ನೂ ಹತ್ತಿಸಬೇಕು. ರೈಲು ತಪ್ಪಿದ್ರೆ ಹಡಗು ತಪ್ತು. ಹಡಗು ತಪ್ಪಿದ್ರೆ ಕಂಪನಿ ನನ್ನ ಬಿಡಲ್ಲ. ನಾನು ನಿನ್ನ ಬಿಡಲ್ಲ. ಹ್ಯಾಂಡಲು ತಂದು ನನ್ನ ಜಗಲಿ ಮೇಲೆ ಇಟ್ಟು ವೇಮಗಲ್ ದಾರಿ ಹಿಡಿ."

ಆಗಿನ ಬಸ್ಸು ಮುಂದುಗಡೆ ಹ್ಯಾಂಡಲು ಹಾಕಿ ತಿರುವಿದರೇ ಶುರುವಾಗುತ್ತಿದ್ದುದು. ಹ್ಯಾಂಡಲು ಯಾರ ಕೈಯಲ್ಲಿ ಇದೆಯೋ ಅವನು ಡ್ರೈವರು. ವೇಮಗಲ್ಲಿನಲ್ಲಿ ನನ್ನ ಮನೆ. ಹೊಲವಿಲ್ಲ. ಅಮ್ಮ, ಹೆಂಡತಿ, ಮಕ್ಕಳು, ಎಲ್ಲರೂ ಆ ಹ್ಯಾಂಡಲಿನ ಮೇಲೆ.

ಇಂಗ್ಲಿಷು ಹೇಳುವುದಕ್ಕೆ ಒಬ್ಬ ಮೇಷ್ಟ್ರನ್ನು ಗೊತ್ತು ಮಾಡಿದ್ದರು. ಮಿಡ್ಲ್ ಸ್ಕೂಲಿನ ಹೆಡ್‌ಮೇಷ್ಟ್ರಾಗಿದ್ದು ಪಿಂಚಣಿ ಆದವರು. ಕರೀ ಕೋಟು, ಜರಿ ರುಮಾಲು, ಕೈಯಲ್ಲಿ ಬೆತ್ತ. ಅವರು ನನ್ನ ಪಕ್ಕದ ಸೀಟು.

ಕೋಲಾರದ ಗುಡಿಗಳನ್ನು ನೋಡಿಕೊಂಡು ಮುಳಬಾಗಿಲಿಗೆ ಹೊರಟೆವು. ಅರ್ಧ ದಾರಿಯಲ್ಲಿ ಒಂದು ಹಳ್ಳಿಯ ಮುಂದೆ ಜನ ರಸ್ತೆಗೆ ಅಡ್ಡ ನಿಂತಿದ್ದರು. ಮುಂದೆ ಪಟೇಲ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನಿಂಬೆಹಣ್ಣು.

ಹಳ್ಳಿಗೆ ಅಧಿಕಾರಿ ಬಂದರೆ ಕೈಗೆ ನಿಂಬೆಹಣ್ಣು ಕೊಟ್ಟು ಕಷ್ಟ ಹೇಳಿಕೊಳ್ಳುವುದು ಪದ್ಧತಿ. ಬಸ್ಸಿನ ತುಂಬ ಟೋಪಿ ಕಂಡರೆ ಅವರಾದರೂ ಏನು ತಿಳಿಯಬೇಕು?

"ಇವರು ಅಧಿಕಾರಿಗಳಲ್ಲ ಕಣಯ್ಯ, ಊರು ನೋಡೋಕೆ ಬಂದೋರು," ಅಂದೆ.

"ಗೊತ್ತು ಡ್ರೈವರಣ್ಣ," ಅಂದ ಪಟೇಲ. "ಊರು ನೋಡೋಕೇ ಬರ್ತಾರೆ ಎಲ್ಲರೂವೆ. ನಮ್ಮ ಕೆರೆ ತೂಬನ್ನೂ ನೋಡಲಿ. ಒಡೆದು ಮೂರು ವರ್ಷ ಆಯ್ತು."

ಮುಂದಿನ ಸೀಟಿನ ದಪ್ಪ ದೊರೆ ನಿಂಬೆಹಣ್ಣು ತೆಗೆದುಕೊಂಡು ಮೂಸಿ ನೋಡಿ ಸಂತೋಷಪಟ್ಟ. ಇಳಿದ. ಅವನ ಹಿಂದೆ ಎಲ್ಲರೂ ಇಳಿದರು. ಕೆರೆ ಏರಿ ಹತ್ತಿದರು. ದೊರೆ ತೂಬನ್ನು ನೋಡಿ ತಲೆಯಾಡಿಸಿದ. ಒಬ್ಬ ದೊರೆಸಾನಿ ಅದರ ಫೋಟೋ ತೆಗೆದಳು. ಆ ಫೋಟೋದಲ್ಲಿ ಪಟೇಲನೂ ನಿಂತ.

ಮುಂದಿನ ಹಳ್ಳಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಅಲ್ಲೂ ನಿಂಬೆಹಣ್ಣು. ಅಲ್ಲಿ ಬಾವಿ. ಅದರ ಮುಂದಿನ ಹಳ್ಳಿಯಲ್ಲಿ ದನಗಳ ದೊಡ್ಡಿ. ವಾಪಸು ಬರುವಷ್ಟರಲ್ಲಿ ಸ್ಟೇಷನ್ನಿನಲ್ಲಿ ಗಾರ್ಡು ಬಾವುಟ ಕೈಗೆ ತೆಗೆದುಕೊಂಡಿದ್ದ. ಒಬ್ಬೊಬ್ಬರನ್ನೂ ನಾನು ಎತ್ತಿ ರೈಲಿಗೆ ಹಾಕಿದೆ ಅಂದರೂ ತಪ್ಪಿಲ್ಲ.

ಸಾಹುಕಾರರು ಕೇಳಿ ಕೆಂಪಗಾದರು.

"ಇನ್ಮೇಲೆ ದಾರೀಲಿ ಯಾರು ಕೈ ಅಡ್ಡ ಹಾಕಿದ್ರೂ ನಿಲ್ಲಿಸಬೇಡ. ಪಟೇಲನಾಗಲಿ, ಶಾನುಭೋಗನಾಗಲಿ. ನಾನೇ ಹಾಕಿದ್ರೂ ನಿಲ್ಲಿಸಬೇಡ. ತಿಳೀತಾ?"

"ತಿಳೀತು," ಅಂದೆ.

ದೊರೆಗಳೇ ಬಂದು ಫೋಟೋ ಹಿಡಿದುಕೊಂಡು ಹೋದರು ಎಂದು ತಾಲ್ಲೂಕು ಕಚೇರಿಗೆ ಗೊತ್ತಾದ ಮೇಲೆ ಆ ತೂಬು ಆ ತಿಂಗಳೇ ರಿಪೇರಿಯಾಯಿತು. ದೊರೆಗೆ ಗೊತ್ತಿಲ್ಲ. ಅವನು ಆಗ ಸಿಂಹಳದಲ್ಲಿದ್ದನೋ ಏನೋ.

೨. ಅರಮನೆ

ಎರಡನೆಯ ಹಡಗಿನವರು ಕೈಯಲ್ಲಿ ಅಚ್ಚು ಹಾಕಿಸಿದ ಕಾಗದ ಹಿಡಿದು ಬಂದರು. ಅದರಲ್ಲಿ ಅರಮನೆ ಅಂತ ಬರೆದಿತ್ತು.

"ಅರಮನೆ ಎಲ್ಲಿದೆ ಅಂತಾರೆ," ಅಂದರು ಮೇಷ್ಟ್ರು.

ಕೋಲಾರದಲ್ಲಿ ಗಂಗರು ಆಳಿದ್ದು ನಿಜ, ಚೋಳರು ಬಂದದ್ದು ನಿಜ. ಅವರ ಗುಡಿ ಇದೆ. ಅರಮನೆ ಎಂದೋ ಮಣ್ಣಾಯಿತು. ಮೇಷ್ಟ್ರು ಹಾಗೆಂದು ಹೇಳಿದರು. ಒಬ್ಬ ಮುದುಕ ದೊರೆ ಕಾಗದದ ಮೇಲೆ ಬೆರಳಿಟ್ಟು ತೋರಿಸಿದ. ಅರಮನೆಗೂ ಸೇರಿಸಿ ದುಡ್ಡು ಕೊಟ್ಟಿದ್ದಾರಂತೆ.

ಸಾಹುಕಾರರನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಮೀಸೆ ತಿರುವಿದರು.

"ನಮ್ಮ ಮನೆಗೇ ಕರಕೊಂಡು ಬನ್ನಿ," ಅಂದರು.

ಹೊಸದಾಗಿ ಕಟ್ಟಿಸಿದ ಮಹಡಿ ಮನೆ. ಕಿಟಕಿಗೆ ಕೆಂಪು, ಹಸುರು ಗಾಜು. ಬಾಗಿಲ ಎರಡು ಪಕ್ಕಕ್ಕೂ ಗಾರೆ ಸಿಂಹ. ಒಂದು ಸಿಂಹ ನಾಲಗೆ ಚಾಚಿತ್ತು. ಇನ್ನೊಂದರ ನಾಲಗೆ ಬಿದ್ದುಹೋಗಿತ್ತು. ಹಡಗಿನವರು ಟೋಪಿ ತೆಗೆದು ಒಳಗೆ ಹೋದರು. ಕಂಬ ಮುಟ್ಟಿದರು. ಉಯ್ಯಾಲೆ ನೋಡಿದರು. ಮಹಡಿ ಹತ್ತಿದರು.

ಮಹಡಿಯ ಮೇಲೆ ಸಾಹುಕಾರರ ತಾಯಿ ಹಪ್ಪಳ ಒಣಗಿಸುತ್ತಿದ್ದರು. ಅಜ್ಜಿಗೆ ಮನೆಮಾತು ತೆಲುಗು. ಕನ್ನಡವನ್ನೂ ಅದೇ ರಾಗದಲ್ಲಿ ಆಡುತ್ತಿದ್ದರು.

"ಎವರು ರಾ ವೀಳ್ಳು?" ಅಂತ ಮಗನನ್ನು ಕೇಳಿದರು. ಯಾರೋ ಇವರು ಅಂತ.

"ಹಡಗಲ್ಲಿ ಬಂದೋರಮ್ಮ. ನೋಡ್ಕೊಂಡು ಹೋಗ್ತಾರೆ."

"ಏನು ನೋಡ್ತಾರೆ? ಹಪ್ಪಳಾನಾ?"

ಮೇಷ್ಟ್ರು ಇಂಗ್ಲಿಷಿನಲ್ಲಿ, ಈಕೆ ಈ ಮನೆಯ ಒಡೆಯರ ತಾಯಿ ಅಂದರು. ಅಷ್ಟೇ ಅಂದದ್ದು. ಮುದುಕ ದೊರೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ವಯಸ್ಸಾದೋನು, ಬುದ್ಧಿವಂತನ ಥರಾ ಕಾಣ್ತಾನೆ. ಮೇಷ್ಟ್ರೇ, ಇವನ್ನ ಸ್ವಲ್ಪ ಕಾಗೆ ನೋಡ್ಕೊಳ್ಳೋಕೆ ಹೇಳಿ. ನಾನು ಎರಡು ತುತ್ತು ಉಂಡು ಬರ್ತೀನಿ."

ತುದಿಗೆ ಕರೀ ಬಟ್ಟೆ ಕಟ್ಟಿದ ಗಳುವನ್ನು ಅವನ ಕೈಗೆ ಕೊಟ್ಟು ಕೆಳಗೆ ಇಳಿದರು. ದೊರೆ ಗಳು ಹಿಡಿದು ನೆಟ್ಟಗೆ ನಿಂತ. ಉಳಿದವರು ಕೋಲಾರಮ್ಮನ ಗುಡಿ ನೋಡಿ ಬಂದರು. ಅವನು ಹೋಗಲಿಲ್ಲ. ಒಂದು ಕಾಗೆಯನ್ನೂ ಇಳಿಯಗೊಡಲಿಲ್ಲ.

ಹೊರಡುವ ಹೊತ್ತಾಯಿತು. ಕರೆದರೆ ಬರಲೊಲ್ಲ. ಮಹಾರಾಣಿಯವರ ಅಪ್ಪಣೆಯಿಲ್ಲದೆ ಜಾಗ ಬಿಡುವಂತಿಲ್ಲವಂತೆ. ಮಹಾರಾಣಿಯವರು ಊಟ ಮಾಡಿ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಸಾಹುಕಾರರಿಗೆ ತಾಯಿಯನ್ನು ಎಬ್ಬಿಸುವ ಧೈರ್ಯವಿಲ್ಲ. ರೈಲಿನ ಹೊತ್ತು ಹತ್ತಿರ ಬರುತ್ತಿತ್ತು. ನಾನೇ ಹೋಗಿ ಹ್ಯಾಂಡಲಿನಿಂದ ಕಂಬಕ್ಕೆ ಕುಟ್ಟಿದೆ.

"ಏನ್ಲಾ ಅದು?"

"ದೊರೆ ಹೋಗಬೇಕಂತಮ್ಮ."

"ಹಪ್ಪಳ ಒಣಗಿದ್ವಾ?"

"ಒಣಗಿದ್ವು."

"ಹಂಗಾದ್ರೆ ಹೋಗ್ಲಿ."

ಒಂದು ಕಟ್ಟು ಹಪ್ಪಳ ಕೊಟ್ಟು ಕಳಿಸಿದರು. ದೊರೆ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ರೈಲು ಹತ್ತಿದ.

ಮುಂದಿನ ಹಡಗಿನವರ ಕಾಗದದಲ್ಲಿ, ಮಹಾರಾಣಿಯವರ ದರ್ಶನ ಉಂಟು ಎಂದು ಹೊಸದಾಗಿ ಅಚ್ಚಾಗಿತ್ತು. ಅಜ್ಜಿಯೂ ತಯಾರಾಗಿದ್ದರು. ಹಡಗು ಬರುವ ದಿನ ಗೊತ್ತಾದ ಮೇಲೆಯೇ ಹಪ್ಪಳದ ಹಿಟ್ಟು ಕಲಸುತ್ತಿದ್ದರು.

೩. ಎದ್ದು ನಿಲ್ಲು

ಮೇಷ್ಟ್ರು ಪಿಂಚಣಿ ಪಡೆದರೂ ಮೇಷ್ಟ್ರೇ. ಬಸ್ಸು ಹೊರಟ ಕೂಡಲೇ ಹಿಂದಕ್ಕೆ ತಿರುಗಿ ಪಾಠ ಶುರು ಮಾಡುವರು. ಗಂಗರು, ಚೋಳರು, ಆಮೇಲೆ ವಿಜಯನಗರದವರು. ಪಾಠ ಮುಗಿದ ಮೇಲೆ ಪ್ರಶ್ನೆ.

ಒಂದು ಸಲ ಒಬ್ಬ ಎತ್ತರದ ದೊರೆ ಪಾಠದ ನಡುವೆ ಪಕ್ಕದವನೊಡನೆ ಮಾತಾಡಿ ನಕ್ಕ. ಮೇಷ್ಟ್ರು ನಿಲ್ಲಿಸಿದರು. ಬೆತ್ತದಿಂದ ಅವನನ್ನು ತೋರಿಸಿ ಏನೋ ಕೇಳಿದರು. ಅವನಿಗೆ ಗೊತ್ತಾಗಲಿಲ್ಲ.

"ಸ್ಟ್ಯಾಂಡಪ್," ಅಂದರು ಮೇಷ್ಟ್ರು.

ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ದೊರೆ ಎದ್ದು ನಿಂತ. ಎತ್ತರದ ಆಳು. ಬಸ್ಸಿನ ಚಾವಣಿ ತಗ್ಗು. ಮುಳಬಾಗಿಲಿನವರೆಗೂ ಗುಂಡಿಗೊಂದು ಸಲ ಅವನ ತಲೆ ಮೇಲಕ್ಕೆ ಬಡಿಯಿತು. ನಾನು ಗುಂಡಿ ತಪ್ಪಿಸಿ ಹೊಡೆದೆ. ಆ ರಸ್ತೆಯಲ್ಲಿ ತಪ್ಪಿಸಿದರೆ ಇನ್ನೊಂದಕ್ಕೆ ಬೀಳುತ್ತಿತ್ತು.

ಅಲ್ಲಿನ ಕೋಟೆ ಬೆಟ್ಟದ ಕೆಳಗೆ ಮತ್ತೆ ಅದೇ ಪ್ರಶ್ನೆ. ಈ ಸಲ ಸರಿಯಾದ ಉತ್ತರ ಬಂತು. ಮೇಷ್ಟ್ರು ಕೂತುಕೊಳ್ಳುವುದಕ್ಕೆ ಅಪ್ಪಣೆ ಕೊಟ್ಟರು. ಅಂದು ಯಾರೂ ಎಲ್ಲಿಯೂ ತಡಮಾಡಲಿಲ್ಲ. ಬೆಟ್ಟದಿಂದ ಸಾಲಾಗಿ ಇಳಿದರು. ರೈಲಿಗೆ ಬೇಕಾದಷ್ಟು ಮುಂಚೆ ಮುಟ್ಟಿದೆವು.

ಸ್ಟೇಷನ್ನಿನಲ್ಲಿ ಅವರಿಗಾಗಿ ಕಾದಿದ್ದ ಕಂಪನಿಯವನು ಹತ್ತಿರ ಬಂದು ಮೆಲ್ಲಗೆ ಹೇಳಿದ. ಆ ಎತ್ತರದ ದೊರೆ ಅವರ ದೇಶದಲ್ಲಿ ದೊಡ್ಡ ಜಡ್ಜಿಯಂತೆ.

ನಾನು ಮೇಷ್ಟ್ರ ಮುಖ ನೋಡಿದೆ.

"ಇರಬಹುದು," ಅಂದರು ಮೇಷ್ಟ್ರು. "ಒಂದು ಪ್ರಶ್ನೆ ಕೇಳಿದ್ದಕ್ಕೆ ತೀರ್ಪು ಹೇಳೋಕೆ ಹದಿನೆಂಟು ಮೈಲಿ ತಗೊಂಡ."

೪. ಕಣ್ಣಿಲ್ಲದ ದೇವರು

ಒಂದು ಹಡಗಿನವರು ರಾಜರ ಕಾಲದ ಶಿಲ್ಪ ಬೇಕೆಂದರು. ಗುಡಿಯಿಂದ ಕಿತ್ತುಕೊಡಲಾಗುವುದಿಲ್ಲ. ಕೆತ್ತುವವರ ಊರಿಗೇ ಕರೆದುಕೊಂಡು ಹೋಗೋಣ ಎಂದು ಶಿವಾರಪಟ್ಟಣಕ್ಕೆ ಬಸ್ಸು ತಿರುಗಿಸಿದೆವು. ಮಾಲೂರಿನಲ್ಲೇ ಸಂಜೆ ರೈಲು ಹತ್ತಿಸುವುದೆಂದು ಏರ್ಪಾಡು.

ಬೀದಿಯ ತುಂಬ ಉಳಿಯ ಸದ್ದು. ಒಬ್ಬ ಕೆಂಪು ಗಡ್ಡದ ದೊರೆ ಒಂದು ಗಣಪತಿಯ ಮುಂದೆ ಕೂತುಬಿಟ್ಟ. ಮೊಳದ ಎತ್ತರ, ಒಳ್ಳೆ ಕೆಲಸ. ಸೊಂಡಿಲು, ಹೊಟ್ಟೆ, ಇಲಿ ಎಲ್ಲ ಮುಗಿದಿತ್ತು. ಕಣ್ಣು ಮಾತ್ರ ಬಿಡಿಸಿರಲಿಲ್ಲ.

"ಇದು ಬೇಕಂತೆ," ಅಂದರು ಮೇಷ್ಟ್ರು.

ಶಿಲ್ಪಿ ಉಳಿ ಕೆಳಗಿಟ್ಟ. "ಕಣ್ಣು ತೆರೆಸದೆ ಕೊಡೋಕಾಗಲ್ಲ ಸ್ವಾಮಿ."

"ಹಾಗಾದರೆ ತೆರೆಸಪ್ಪ."

"ಇವತ್ತು ದಿನ ಚೆನ್ನಾಗಿಲ್ಲ. ಗುರುವಾರ ಬೆಳಿಗ್ಗೆ ಆಗಬೋದು."

"ಗುರುವಾರ ಅವನು ಸಮುದ್ರದ ಮಧ್ಯೆ ಇರ್ತಾನೆ ಕಣಯ್ಯ," ಅಂದೆ. "ಇವತ್ತೇ ಎರಡು ಏಟು ಹಾಕು. ರೈಲಿಗೆ ಹೊತ್ತಾಯ್ತು."

"ನಿಂದು ರೈಲು. ನಂದು ದೇವರು. ಕುರುಡು ದೇವರನ್ನ ಪರದೇಶಕ್ಕೆ ಕಳಿಸಿ, ಅದು ಅಲ್ಲಿ ಎಲ್ಲಾದ್ರೂ ಎಡವಿದ್ರೆ ಯಾರು ಜವಾಬ್ದಾರಿ?"

ದೊರೆ ಎರಡರಷ್ಟು ಕೊಡುತ್ತೇನೆ ಅಂದ. ಶಿಲ್ಪಿ ಎಲೆಅಡಿಕೆ ಹಾಕಿಕೊಂಡ. ದೊರೆ ಗಣಪತಿಯ ಮುಂದಿನಿಂದ ಏಳಲೊಲ್ಲ. ಏನಾದರೊಂದು ಸಿಗದೆ ಬಸ್ಸು ಹತ್ತುವುದಿಲ್ಲವಂತೆ. ಉಳಿದವರೆಲ್ಲ ಹತ್ತಿ ಕೂತಿದ್ದರು. ಬಿಸಿಲು ಇಳಿಯುತ್ತಿತ್ತು. ನನಗೆ ವೇಮಗಲ್ ದಾರಿ ಕಣ್ಣ ಮುಂದೆ ಬಂತು.

ಮೂಲೆಯಲ್ಲಿ ಒಂದು ಒರಳುಗುಂಡು ಇತ್ತು. ಹೊಸದು, ನುಣ್ಣಗೆ ಹೊಳೆಯುತ್ತಿತ್ತು.

"ಅದನ್ನ ಕೊಡ್ತೀಯಾ?"

"ಓಹೋ. ಅದಕ್ಕೇನು ಕಣ್ಣು ಬೇಕು?"

ಎತ್ತಿ ದೊರೆಯ ತೊಡೆಯ ಮೇಲೆ ಇಟ್ಟೆ. ಅವನು ಸವರಿ ನೋಡಿದ. ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕೆಮ್ಮಿ ಒಂದು ಮಾತು ಹೇಳಿದರು. ಅವನು ಗುಂಡನ್ನು ಮಗುವಿನ ಹಾಗೆ ಅವಚಿಕೊಂಡು ಬಸ್ಸು ಹತ್ತಿದ. ಮಾಲೂರಿಗೆ ಸರಿಯಾದ ಹೊತ್ತಿಗೆ ಮುಟ್ಟಿದೆವು.

"ಏನಂದಿರಿ ಅವನಿಗೆ?" ಅಂತ ಆಮೇಲೆ ಕೇಳಿದೆ.

"ಗಂಗರ ಕಾಲದಿಂದ ಇದರ ಆಕಾರ ಬದಲಾಗಿಲ್ಲ ಅಂದೆ. ಸುಳ್ಳೇನು?"

ಮುಂದಿನ ಹಡಗಿನ ಜೊತೆ ಅಂಥವೇ ಇನ್ನಷ್ಟು ಬೇಕೆಂದು ಕಂಪನಿಯಿಂದ ಬೇಡಿಕೆ ಬಂತು. ಹೋಗಿ ಹೇಳಿದೆ. ಶಿಲ್ಪಿ ಯೋಚನೆ ಮಾಡಿದ.

"ಬರೀ ಗುಂಡು ಸಾಕಂತಾ? ಒರಳು ಬೇಡವಂತಾ? ಪಾಪ, ಹೆಂಗೆ ರುಬ್ತಾರೋ."

೫. ಕಾಶಿಯಾತ್ರೆ

ಸಾಹುಕಾರರ ಮಗಳಿಗೆ ಮದುವೆ ಗೊತ್ತಾಯಿತು. ಗಂಡು ಮದನಪಲ್ಲಿ ಕಡೆಯವನು. ಸಂಜೆ ಗೋಧೂಳಿ ಲಗ್ನ, ಮನೆಯ ಮುಂದೆಯೇ ಚಪ್ಪರ. ಎಲ್ಲ ಏರ್ಪಾಡೂ ಆದ ಮೇಲೆ ಮದ್ರಾಸಿನಿಂದ ತಂತಿ ಬಂತು. ಹಡಗೂ ಅದೇ ದಿನ.

ಸಾಹುಕಾರರು ತಲೆಯ ಮೇಲೆ ಕೈ ಹೊತ್ತರು. ಅಜ್ಜಿಗೆ ಮಾತ್ರ ಸಂತೋಷ.

"ಬರಲಿ ಬಿಡೋ. ನನ್ನ ದೊರೆಗಳು ಮದುವೆ ಊಟ ಮಾಡ್ಕೊಂಡು ಹೋಗ್ಲಿ. ಎಷ್ಟು ಕಾಗೆ ಓಡಿಸಿದಾರೆ ಪಾಪ."

ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದರು.

"ಮದುವೆ ಗಲಾಟೆ ಅಂತ ನೀನು ರೈಲು ಮರೀಬೇಡ. ಹೊತ್ತಾದ ತಕ್ಷಣ ಹೊರಟುಬಿಡು. ನಾನು ಹೇಳಿದ್ದು ನೆನಪಿದೆಯಾ?"

"ಇದೆ."

"ಏನು?"

"ನೀವೇ ಕೈ ಅಡ್ಡ ಹಾಕಿದ್ರೂ ನಿಲ್ಲಿಸಬಾರದು."

"ಹ್ಞಾ."

ಹಡಗಿನವರು ಬಂದರು. ಅರಮನೆಯಲ್ಲಿ ಮದುವೆ ಎಂದು ತಿಳಿದು ಗುಡಿ ಕೋಟೆ ಏನೂ ಬೇಡ ಅಂದರು. ಚಪ್ಪರದಲ್ಲೇ ಕೂತರು. ಎಲೆಯ ಮುಂದೆ ಕಾಲು ಮಡಿಸಲಾಗದೆ ಚಾಚಿ ಕೂತು ಊಟ ಮಾಡಿದರು. ಬಡಿಸುವವರು ಅವರ ಕಾಲು ದಾಟಿ ದಾಟಿ ಬಡಿಸಿದರು. ಮೇಷ್ಟ್ರು ಒಬ್ಬಟ್ಟು ಉಂಡರು. ಎಷ್ಟು ಅಂತ ಕೇಳುವ ಹಾಗಿರಲಿಲ್ಲ.

ಊಟದ ನಂತರ ಕಾಶಿಯಾತ್ರೆ. ಆ ಮನೆತನದವರಲ್ಲಿ ಅದು ಇರಬೇಕಾದ ಶಾಸ್ತ್ರ. ಮದುಮಗ ಕೊಡೆ ಹಿಡಿದು, ಕೋಲು ಊರಿ, ನನಗೆ ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಚಪ್ಪರ ಬಿಟ್ಟು ಹೊರಡುತ್ತಾನೆ. ಹತ್ತು ಹೆಜ್ಜೆ ಇಡುವುದರೊಳಗೆ ಹೆಣ್ಣಿನ ತಂದೆ ಬೆಲ್ಲ, ತೆಂಗಿನಕಾಯಿ ಹಿಡಿದು ಓಡಿಬಂದು ತಡೆಯುತ್ತಾನೆ. ಕಾಶಿಗೆ ಹೋಗಬೇಡಿ, ನನ್ನ ಮಗಳನ್ನು ಕೊಡುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ಮದುಮಗ ಒಪ್ಪಿ ವಾಪಸು ಬರುತ್ತಾನೆ. ಎಲ್ಲರಿಗೂ ಗೊತ್ತಿರುವ ಆಟ.

ಮೇಷ್ಟ್ರು ಹಡಗಿನವರಿಗೆ ಅದನ್ನು ಅರ್ಧ ವಿವರಿಸಿದರು. ಈ ಹುಡುಗ ಲೋಕ ತೊರೆದು ನಡೆದುಕೊಂಡು ಕಾಶಿಗೆ ಹೋಗುತ್ತಾನೆ ಎನ್ನುವ ತನಕ. ಅಷ್ಟರಲ್ಲಿ ಒಬ್ಬಟ್ಟು ಕೆಲಸ ಮಾಡಿತು. ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು.

ಬಸ್ಸು ಚಪ್ಪರದ ಮೂಡಲ ಕಡೆ ನಿಂತಿತ್ತು. ಹೊತ್ತಾಗಿತ್ತು. ನಾನು ಹ್ಯಾಂಡಲು ಹೊಡೆದು ಎಂಜಿನ್ನು ಶುರು ಮಾಡಿದೆ. ಹಡಗಿನವರು ಹತ್ತತೊಡಗಿದರು. ನಾನು ನನ್ನ ಸೀಟಿನಲ್ಲಿ ಕೂತೆ.

ಹಿಂದೆ ಏನು ನಡೆಯಿತು ಎಂಬುದು ನನಗೆ ಆಮೇಲೆ ತಿಳಿದದ್ದು.

ಮದುಮಗ ಕೊಡೆ ಬಿಚ್ಚಿ ಮೂಡಲ ಕಡೆಗೇ ಹೊರಟ. ಸಾಹುಕಾರರು ಕಾಯಿ ಹಿಡಿದು ಸಿದ್ಧವಾಗಿದ್ದರು. ಬೆಲ್ಲ ಬರಲಿಲ್ಲ. ಬೆಲ್ಲ ಉಗ್ರಾಣದಲ್ಲಿತ್ತು. ಉಗ್ರಾಣದ ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಅಜ್ಜಿ ಮಹಡಿಯ ಮೇಲೆ ಒಬ್ಬ ದೊರೆಸಾನಿಗೆ ಹಪ್ಪಳ ತಿರುವಿ ಹಾಕುವುದು ಹೇಗೆಂದು ತೋರಿಸುತ್ತಿದ್ದರು. ಪುರೋಹಿತರು ಬೆಲ್ಲವಿಲ್ಲದೆ ಆಗುವುದಿಲ್ಲ ಅಂದರು.

ಮದುಮಗ ಹತ್ತು ಹೆಜ್ಜೆ ನಡೆದ. ಯಾರೂ ತಡೆಯಲಿಲ್ಲ. ನಿಂತರೆ ಮರ್ಯಾದೆಯಲ್ಲ. ಮತ್ತೆ ನಡೆದ. ಬಸ್ಸಿನ ಬಾಗಿಲ ಹತ್ತಿರ ಬಂದ. ಆಗ ಮಹಡಿಯಿಂದ ಇಳಿದು ಓಡಿಬಂದ ಆ ದೊರೆಸಾನಿ ಅವನನ್ನು ನೋಡಿದಳು. ಎಳೆ ವಯಸ್ಸು, ಕಣ್ಣಿಗೆ ಕಾಡಿಗೆ, ಕೈಯಲ್ಲಿ ಕೊಡೆ. ಇವನು ಕಾಶಿಗೆ ನಡೆದುಕೊಂಡು ಹೋಗುವುದೆ? ಅವಳಿಗೆ ತಡೆಯಲಾಗಲಿಲ್ಲ. ಮುಂಗೈ ಹಿಡಿದು ಬಸ್ಸಿನೊಳಗೆ ಎಳೆದುಕೊಂಡಳು. ಒಳಗಿದ್ದವರು ಸರಿದು ಜಾಗ ಕೊಟ್ಟರು.

"ಎಲ್ಲಾ ಹತ್ತಿದ್ರಾ?" ಅಂತ ನಾನು ಕೇಳಿದೆ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಇಂಗ್ಲಿಷಿನಲ್ಲಿ ಕೇಳಿದರು. ಹಿಂದಿನಿಂದ ಎಲ್ಲರೂ "ಯೆಸ್" ಅಂದರು. ಬಿಟ್ಟೆ.

ಕನ್ನಡಿಯಲ್ಲಿ ಸಾಹುಕಾರರು ಕಂಡರು. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಪಂಚೆ. ಓಡುತ್ತಿದ್ದರು. ಅವರ ಹಿಂದೆ ಪುರೋಹಿತರು. ಅವರ ಹಿಂದೆ ವಾಲಗದವರು. ನಿಲ್ಲಿಸಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಊದಿಕೊಂಡೇ ಓಡುತ್ತಿದ್ದರು.

ಬಸ್ಸಿನ ಹಿಂದೆ ಜನ ಓಡುವುದು ದಿನಾ ಇದ್ದದ್ದೇ. ಸಾಹುಕಾರರು ಪಂಚೆ ಬಿಟ್ಟು ಕೈ ಬೀಸಿದರು. "ನಿಲ್ಸೋ! ಲೇ, ನಿಲ್ಸೋ!"

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಇನ್ನೂ ಜೋರಾಗಿ ಬಿಟ್ಟೆ.

ಬೌರಿಂಗ್‌ಪೇಟೆಯಲ್ಲಿ ರೈಲು ಇನ್ನೂ ಬಂದಿರಲಿಲ್ಲ. ನೆಮ್ಮದಿಯಾಯಿತು. ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರನ್ನೇ ಇಳಿಸಿದೆ. ಟೋಪಿ, ಟೋಪಿ, ಟೋಪಿ, ಕೊನೆಗೆ ಒಂದು ಬಾಸಿಂಗ.

"ಯಾರಯ್ಯಾ ನೀನು?"

"ಅಳಿಯ," ಅಂದ.

"ಯಾರ ಅಳಿಯ?"

"ಸಾಹುಕಾರರ ಅಳಿಯ. ಇನ್ನೂ ಆಗಿಲ್ಲ." ಅವನು ಸುತ್ತ ನೋಡಿ ತೆಲುಗಿನ ರಾಗದಲ್ಲಿ ಕೇಳಿದ. "ಅನ್ನಾ, ನಮ್ಮ ಕಡೆ ಕಾಶಿಯಾತ್ರೆ ಬೀದಿ ಕೊನೇವರೆಗೆ ಅಷ್ಟೇ. ನಿಮ್ಮ ಕಡೆ ಇಷ್ಟು ದೂರಾನಾ?"

ನನ್ನ ಕೈಯಿಂದ ಹ್ಯಾಂಡಲು ಜಾರಿ ಕಾಲ ಮೇಲೆ ಬಿತ್ತು.

"ಹತ್ತೋವಾಗ ಬಾಯಿ ಇರಲಿಲ್ವೇನಯ್ಯಾ ನಿಂಗೆ?"

"ಬಸ್ ಸಾಹುಕಾರರ ಮನೆ ಮದುವೆ. ಕಾಶಿಯಾತ್ರೆಗೂ ಬಸ್ಸೇ ಇಟ್ಟಿದ್ದಾರೆ ಅಂದ್ಕೊಂಡೆ."

ರೈಲು ಬಂತು. ದೊರೆಸಾನಿ ಅವನ ಬಲಗೈ ಹಿಡಿದು ರೈಲಿನ ಕಡೆ ಎಳೆದಳು. ಅವನ ಟಿಕೀಟಿನ ದುಡ್ಡು ಅವಳೇ ಕೊಡುತ್ತಾಳಂತೆ. ನಾನು ಎಡಗೈ ಹಿಡಿದು ಬಸ್ಸಿನ ಕಡೆ ಎಳೆದೆ. ಕೊಡೆ ನಡುವೆ ಸಿಕ್ಕಿ ಮಡಚಿಕೊಂಡಿತು. ಮದುಮಗ ಯಾರ ಕಡೆಗೂ ಬಲ ಹಾಕಲಿಲ್ಲ. ಬೀಗರ ಕಡೆಯವರ ಮನಸ್ಸು ನೋಯಿಸಬಾರದು ಎಂದು ಮನೆಯಲ್ಲಿ ಹೇಳಿ ಕಳಿಸಿದ್ದರಂತೆ.

"ಮೇಷ್ಟ್ರೇ!" ಎಂದು ಕೂಗಿದೆ.

ಮೇಷ್ಟ್ರು ಎದ್ದು ಬಂದರು. ನೋಡಿದರು. ರುಮಾಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಎರಡು ಮಾತಾಡಿದರು. ದೊರೆಸಾನಿ ಕೈ ಬಿಟ್ಟಳು. ಕಣ್ಣೊರೆಸಿಕೊಂಡು ರೈಲು ಹತ್ತಿದಳು. ರೈಲು ಹೋಯಿತು. ಕಿಟಕಿಗಳಿಂದ ಎಲ್ಲರೂ ಮದುಮಗನಿಗೆ ಕೈ ಬೀಸಿದರು. ಅವನೂ ಬೀಸಿದ.

"ಏನಂದಿರಿ?"

"ಪ್ರಜೆಗಳು ಅಳ್ತಾ ಇದ್ದಾರೆ, ಯುವರಾಜರು ಮನಸ್ಸು ಬದಲಾಯಿಸಿದರು ಅಂದೆ."

ಇನ್ನು ಮುಹೂರ್ತ. ಬಿಸಿಲು ಕೆಂಪಗಾಗಿತ್ತು. ಆ ಬಸ್ಸನ್ನು ಹಾಗೆ ನಾನು ಯಾವತ್ತೂ ಓಡಿಸಿದವನಲ್ಲ. ಗುಂಡಿ ತಪ್ಪಿಸಲಿಲ್ಲ. ಮೇಷ್ಟ್ರು ಸೀಟು ಹಿಡಿದುಕೊಂಡು ದೇವರ ಹೆಸರು ಹೇಳಿದರು. ಮದುಮಗ ಬಾಸಿಂಗ ಹಿಡಿದುಕೊಂಡ.

"ಅನ್ನಾ, ಮುಹೂರ್ತಕ್ಕೆ ಹೋಗ್ತೀವಾ?"

"ಮಾತಾಡಬೇಡ."

ಅರ್ಧ ದಾರಿಯಲ್ಲಿ ಎದುರಿಗೆ ಒಂದು ಜಟಕಾ ಬರುತ್ತಿತ್ತು. ಬಸ್ಸು ನೋಡಿ ರಸ್ತೆಗೆ ಅಡ್ಡವಾಗಿ ನಿಂತಿತು. ಒಳಗಿನಿಂದ ಸಾಹುಕಾರರು ಧುಮುಕಿದರು. ಕೈ ಅಡ್ಡ ಹಾಕಿದರು. ಬರೀ ಕೈಯಾಗಿದ್ದರೆ ನಾನು ಏನು ಮಾಡುತ್ತಿದ್ದೆನೋ ಹೇಳಲಾರೆ. ಕುದುರೆ ಅಡ್ಡ ಇತ್ತು. ನಿಲ್ಲಿಸಿದೆ.

ಸಾಹುಕಾರರು ನನ್ನ ಕಡೆ ನೋಡಲಿಲ್ಲ. ಬಸ್ಸಿನ ಬಾಗಿಲಿಗೆ ಓಡಿದರು. ಕೈಯಲ್ಲಿ ಆ ತೆಂಗಿನಕಾಯಿ ಇನ್ನೂ ಇತ್ತು. ಬೆವರು ಸುರಿಯುತ್ತಿತ್ತು. ಶಲ್ಯ ಎಲ್ಲೋ ಬಿದ್ದುಹೋಗಿತ್ತು.

"ಕಾಶಿಗೆ ಹೋಗಬೇಡಿ ಅಳಿಯಂದ್ರೇ!" ಅಂದರು. "ನಿಮ್ಮ ಕ...ಕಾಲು ಹಿಡೀತೀನಿ, ಹೋಗಬೇಡಿ. ನನ್ನ ಮಗಳನ್ನ ಕೊಡ್ತೀನಿ!"

ಎಷ್ಟೋ ಮದುವೆ ನೋಡಿದ್ದೇನೆ. ಆ ಮಾತನ್ನು ಅಷ್ಟು ನಿಜವಾಗಿ ಹೇಳಿದ ಮಾವನನ್ನು ಇನ್ನೊಬ್ಬನನ್ನು ಕಾಣೆ.

ಜಟಕಾದಿಂದ ಪುರೋಹಿತರು ಬೆಲ್ಲದ ತಟ್ಟೆ ಹಿಡಿದು ಇಳಿದರು. ಬೆಲ್ಲ ಈಗ ಸಿಕ್ಕಿತ್ತು. ಮದುಮಗನ ಬಾಯಿಗೆ ಒಂದು ಚೂರು ಹಾಕಿ ಮಂತ್ರ ಹೇಳಿ, ಶಾಸ್ತ್ರ ಆಯಿತು ಅಂದರು. ಎಲ್ಲರೂ ಬಸ್ಸು ಹತ್ತಿದರು. ಸಾಹುಕಾರರು ದಾರಿಯುದ್ದಕ್ಕೂ ಅಳಿಯನ ಮುಂಗೈ ಬಿಡಲಿಲ್ಲ.

ಗೋಧೂಳಿಗೆ ಚಪ್ಪರದ ಮುಂದೆ ಬಸ್ಸು ನಿಂತಿತು. ಗಂಡಿನ ತಂದೆ ಬಾಗಿಲಲ್ಲೇ ನಿಂತಿದ್ದರು. ಇನ್ನು ಸಂಬಂಧ ಮುರಿಯಿತು ಎಂದು ನಾವೆಲ್ಲ ತಲೆ ತಗ್ಗಿಸಿದೆವು. ಅವರು ತಮ್ಮ ಕಡೆಯವರ ಕಡೆ ತಿರುಗಿ ಜೋರಾಗಿ ಹೇಳಿದರು.

"ನೋಡ್ರಿ, ಸಂಬಂಧ ಅಂದ್ರೆ ಇದು. ಬಸ್ಸಲ್ಲಿ ಕಾಶಿಯಾತ್ರೆ! ಅದೂ ಬಿಳೀ ದೊರೆಗಳ ಜೊತೆ! ಮದನಪಲ್ಲೀಲಿ ಯಾವನಾದ್ರೂ ಮಾಡಿಸಿದಾನಾ?"

ಮುಹೂರ್ತ ತಪ್ಪಲಿಲ್ಲ. ಧಾರೆಯಾಯಿತು. ಅಜ್ಜಿ, ದೊರೆಸಾನಿ ಹಪ್ಪಳ ಅರ್ಧಕ್ಕೆ ಬಿಟ್ಟು ಓಡಿಹೋದಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಸಾಹುಕಾರರು ಮದುವೆ ಮುಗಿಯುವವರೆಗೆ ನನ್ನೊಡನೆ ಮಾತಾಡಲಿಲ್ಲ. ಬೀಗರು ಹೊರಟ ಮೇಲೆ ನಾನೇ ಹೋಗಿ ಹ್ಯಾಂಡಲನ್ನು ಅವರ ಜಗಲಿಯ ಮೇಲೆ ಇಟ್ಟೆ. ಅವರು ಒಳಗಿನಿಂದ ಬಂದರು. ಹ್ಯಾಂಡಲು ನೋಡಿದರು. ನನ್ನನ್ನು ನೋಡಿದರು. ಎತ್ತಿ ನನ್ನ ಕೈಗೆ ವಾಪಸು ಕೊಟ್ಟರು.

"ಇನ್ಮೇಲೆ ನಾನು ಕೈ ಅಡ್ಡ ಹಾಕಿದ್ರೆ ನಿಲ್ಸು," ಅಂದರು.

ಮಾರನೆಯ ಬೆಳಿಗ್ಗೆ ಮುಳಬಾಗಿಲಿಗೆ ಬಸ್ಸು ತೆಗೆದುಕೊಂಡು ಹೋದೆ.